ಅಕ್ಕನ ಹೊಸಬಳು

ಹೊಸಬಳು ತೊಟ್ಟಿದ್ದ ನೀಲಿ ಸ್ವೆಟರು ಅಕ್ಕನದೇ. ಅನುಮಾನ ಬೇಡ. ಮೊಣಕೈ ಹತ್ತಿರ ಅಕ್ಕನೇ ಹಾಕಿದ ತೇಪೆಯೂ ಇತ್ತು. ಬಂದು ವಾರವಾಗಿಲ್ಲ, ಆಗಲೇ ವರ್ಷಗಟ್ಟಲೆ ತೊಟ್ಟವಳ ಹಾಗೆ ತೋಳು ಮಡಚಿಕೊಂಡು ಊಟದ ಸಾಲಿನಲ್ಲಿ ನಿಂತಿದ್ದಳು.

ಚಿಲಕಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

ಚಿಲಕಮ್ಮ ಅವಳ ಹೆಸರಲ್ಲ. ಸದಾ ಕೋಣೆಯ ಚಿಲಕ ಹಾಕಿಕೊಂಡು ಒಳಗೇ ಇರುತ್ತಾಳೆಂದು ಹಾಸ್ಟೆಲಿನ ಹುಡುಗಿಯರು ಇಟ್ಟದ್ದು. ಸಮುದ್ರ ದಾಟಿ ಓದಲು ಬಂದವಳಿಗೆ ಈ ಪರದೇಶದಲ್ಲಿ ನನ್ನವರು ಎಂದು ಇದ್ದದ್ದು ಅಕ್ಕ ಒಬ್ಬರೇ. ಹೊರದೇಶದ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವುದು ಅಕ್ಕನ ಕೆಲಸ, ನಿಜ. ಆದರೆ ಸಂಜೆ ಬಿಸಿ ಹಾಲು ಹಿಡಿದು ಬಂದು, ಮಂಚದ ತುದಿಯಲ್ಲಿ ಕುಳಿತು, ತಲೆ ಸವರಿ ಹೋಗುವುದಕ್ಕೆ ಕಾಲೇಜು ಸಂಬಳ ಕೊಡುತ್ತದೆಯೇ? ಆ ಒಂದು ಗಳಿಗೆ ಇಲ್ಲದಿದ್ದರೆ ಅವಳು ಎಂದೋ ಓದು ಬಿಟ್ಟು ಗಂಟುಮೂಟೆ ಕಟ್ಟುತ್ತಿದ್ದಳು.

ಹೊಸಬಳು ಪಕ್ಕದ ಕೋಣೆಗೆ ಬಂದದ್ದೇ ತಡ, ಅಕ್ಕ ಇವಳ ಕೋಣೆಗೆ ಬರುವುದು ನಿಂತಿತು.

"ಪಾಪ, ಅವಳಿಗೆ ಏನೂ ಗೊತ್ತಾಗಲ್ಲ ಕಣೇ. ಸ್ವಲ್ಪ ಜೊತೆಗಿರು," ಎಂದರು ಅಕ್ಕ, ಎದುರು ಸಿಕ್ಕಾಗ.

"ಬಂದಾಗ ನನಗೇನು ಗೊತ್ತಿತ್ತು?"

"ಅದಕ್ಕೇ ನಿನಗೆ ಹೇಳ್ತಿರೋದು."

ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡೇ ಜೊತೆಗೆ ಹೋದಳು. ಬ್ಯಾಂಕಿನಲ್ಲಿ ಹೊಸಬಳು ತುಟಿ ಬಿಚ್ಚಲಿಲ್ಲ, ಇವಳೇ ಮಾತಾಡಬೇಕಾಯಿತು. ಹಾಗೆ ನೋಡಿದರೆ ಇವಳೂ ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಆದರೆ ಹೊಸಬಳ ಮುಂದೆ ಅದನ್ನು ಒಪ್ಪಿಕೊಳ್ಳುವುದುಂಟೆ? ಆಮೇಲೆ ಹಲ್ಲಿನ ಡಾಕ್ಟರು, ಪೇಟೆಯ ಬಸ್ಸು, ಕೊನೆಗೆ ಹುಡುಗಿಯರ ಹರಟೆಯ ಮೇಜು. "ನೀನಿದ್ರೆ ನನಗೆ ಧೈರ್ಯ," ಎಂದು ಹೊಸಬಳು ಜಿಗಣೆಯ ಹಾಗೆ ಅಂಟಿಕೊಂಡಳು.

ಸಾಲದ್ದಕ್ಕೆ ಎಲ್ಲರೂ ಅವಳಿಗೇ ಒಲಿದಿದ್ದರು. ಅಡುಗೆಯವರು ಕೇಳದೆಯೇ ಅವಳ ಮುಂದೆ ಸಕ್ಕರೆಯಿಲ್ಲದ ಚಹಾ ಇಡುತ್ತಿದ್ದರು. ಇವಳ ಸಕ್ಕರೆ ಎಷ್ಟೆಂದು ಯಾರು ಬಲ್ಲರು? ಬಟ್ಟೆ ಒಗೆಯುವ ಹಾಳು ಯಂತ್ರ ಕೂಡ, ಇವಳು ತಿಂಗಳುಗಟ್ಟಲೆ ಗುದ್ದಾಡಿದರೂ ಬಗ್ಗದ್ದು, ಹೊಸಬಳ ಮೊಣಕಾಲು ಸೋಕಿದ್ದೇ ಬಾಗಿಲು ತೆರೆದುಕೊಂಡಿತು. ಅದೃಷ್ಟವಂತರು ಮುಟ್ಟಿದ್ದೆಲ್ಲ ಚಿನ್ನ.

ಒಂದು ಸಂಜೆ ಕೋಣೆಯ ಹೊರಗೆ ಅಕ್ಕನ ಚಪ್ಪಲಿಯ ಸದ್ದಾಯಿತು. ಹಾಲಿನ ಪರಿಮಳವೂ ಬಂತು. ಚಿಲಕಮ್ಮ ಎದ್ದು ಕುಳಿತು ಮಂಚದ ತುದಿ ಖಾಲಿ ಮಾಡಿದಳು. ಚಪ್ಪಲಿಗಳು ಇವಳ ಬಾಗಿಲು ದಾಟಿ ಪಕ್ಕದ ಕೋಣೆಗೆ ಹೋದವು.

ಸಾಕು. ಒಂದೋ ಅವಳು, ಇಲ್ಲ ನಾನು. ಅಕ್ಕನ ಮುಖಕ್ಕೇ ಕೇಳಿಬಿಡುತ್ತೇನೆ, ಇಲ್ಲದಿದ್ದರೆ ನಾಳೆಯೇ ಊರಿಗೆ. ದಡದಡನೆ ಹೊರಬಂದಳು. ಪಕ್ಕದ ಬಾಗಿಲು ಓರೆಯಾಗಿತ್ತು. ತಟ್ಟಲು ಎತ್ತಿದ ಕೈ ಹಾಗೇ ನಿಂತಿತು.

"ನಿನ್ನೆ ಬಸ್ಸಲ್ಲಿ ಚಿಲಕಮ್ಮ ನನ್ನ ಪರವಾಗಿ ಜಗಳಕ್ಕೇ ಇಳಿದಳು, ಅಕ್ಕ," ಹೊಸಬಳು ನಗುತ್ತಿದ್ದಳು. "ಕಂಡಕ್ಟರು ಸುಸ್ತು."

"ನಿನ್ನ ಮೇಲೆ ಹೊಟ್ಟೆಕಿಚ್ಚು ಪಡ್ತಾಳೇನೋ ಅಂತ ನನಗೆ ಭಯ," ಎಂದರು ಅಕ್ಕ.

"ಪಡಲಿ ಬಿಡಿ. ನಾನೂ ಹೀಗೇ ಬಾಗಿಲು ಹಾಕ್ಕೊಂಡು ಕೂತಿದ್ದ ಕಾಲಕ್ಕೆ ಪಟ್ಟಿರಲಿಲ್ವಾ, ನೀವು ಕಳಿಸಿದ್ದ ನನ್ನ ಹೊಸಬಳ ಮೇಲೆ?"

ಅಕ್ಕ ನಿಟ್ಟುಸಿರಿಟ್ಟರು. "ನಿನ್ನ ಓದು ಈ ತಿಂಗಳಿಗೆ ಮುಗೀತು. ಬರೋ ವರ್ಷ ಯಾರಾದ್ರೂ ಹೀಗೇ ಕೋಣೆ ಬಿಟ್ಟು ಬರದೆ ಕೂತರೆ, ಏನೂ ಗೊತ್ತಿಲ್ಲದ ಹೊಸಬಳು ಅಂತ ಯಾರನ್ನು ಕಳಿಸಲಿ?"

"ನನ್ನ ಪಕ್ಕದ ಕೋಣೆಯವಳನ್ನೇ ಕಳಿಸಿ, ಅಕ್ಕ."