ಹಕ್ಕಿಯ ಕಥೆ ಯಾರದು?

ಡೀಸೆಲ್ ವಾಸನೆ ಮೂಗಿಗೆ ಬಡಿದರೆ ಈಗಲೂ ಮುಂಡಗೋಡದ ಆ ಮಧ್ಯಾಹ್ನ ನೆನಪಾಗಿ ಮೈ ಉರಿಯುತ್ತದೆ. ನಾನಾಗ ಏಳನೇ ತರಗತಿ. ತಾಲೂಕು ಕಥಾಸ್ಪರ್ಧೆಗೆ ‘ಹಕ್ಕಿ’ ಎಂಬ ವಿಷಯ ಕೊಟ್ಟಿದ್ದರು. ಅಬ್ಬಾನ ಗ್ಯಾರೇಜಿನಲ್ಲಿ ಕೆಟ್ಟು ನಿಂತ ಟ್ರ್ಯಾಕ್ಟರಿನೊಳಗೆ ಗುಬ್ಬಿ ಗೂಡು ಕಟ್ಟಿತ್ತು. ಮರಿಗಳು ಹಾರುವ ತನಕ ಅಬ್ಬಾ ಅದರ ರಿಪೇರಿಗೆ ಕೈ ಹಾಕಲಿಲ್ಲ. ಅದನ್ನೇ ಕಥೆ ಮಾಡಿ ಕಳಿಸಿದ್ದೆ.

ಬಹುಮಾನದ ದಿನ ತೀರ್ಪುಗಾರರು ನನ್ನನ್ನು ಪಕ್ಕಕ್ಕೆ ಕರೆದರು.

“ಮನ್ಯಾಗ ಉರ್ದು ಮಾತಾಡೋ ಮಂದಿ ನೀವು. ಇಂಥಾ ಕನ್ನಡ ಯಾರು ಬರದು ಕೊಟ್ರು?”

ಕೆಲಸದ ಅಂಗಿಯಲ್ಲೇ ಬಂದಿದ್ದ ಅಬ್ಬಾ ಡೀಸೆಲ್ ನಾರುವ ಕೈಯನ್ನು ನನ್ನ ಹೆಗಲ ಮೇಲಿಟ್ಟರು.

“ಇನ್ನೊಂದು ವಿಷಯ ಕೊಡ್ರಿ ಸರ. ನಿಮ್ಮ ಮುಂದ ಬರೀತಾಳ.”

“ವಿಷಯ ‘ಸುಳ್ಳು’. ಅದರ ಮ್ಯಾಲ ಬರಿ,” ಎಂದು ಅವರು ಹಾಳೆ ನೂಕಿದರು.

ಹಾಳೆ ಹರಿಯುವಷ್ಟು ಪೆನ್ನು ಒತ್ತಿ ಬರೆದೆ. ಓದುತ್ತ ಓದುತ್ತ ಅವರ ಮುಖ ಕಪ್ಪಿಟ್ಟಿತು. ಹಾಳೆಯನ್ನು ಮಡಚಿ ಕಿಸೆಗೆ ಹಾಕಿಕೊಂಡರು. ಬಹುಮಾನ ಬೇರೆಯವರಿಗೆ ಹೋಯಿತು.

“ಏನ್ ಬರದಿ ಬೇಟಿ?” ಹೊರಗೆ ಬಂದ ಮೇಲೆ ಅಬ್ಬಾ ಕೇಳಿದರು.

“ಅವ್ರು ನನಗ ಅಂದಿದ್ದನ್ನ ಹಂಗ ಬರದೆ.”

ಅಬ್ಬಾ ನಗಲಿಲ್ಲ. ಬೈಕಿಗೆ ಕಿಕ್ ಹೊಡೆದು ಹೇಳಿದರು, “ಮುಂದಿನ ವರ್ಷಾನೂ ಬರೂಣು. ತೀರ್ಪು ಕೊಡಾಕ ಅವ್ರೇ ಇರ್ಲಿ.”