ಹಗಲು ಹತ್ತದ ದೀಪ

ಹೈಸ್ಕೂಲಿನ ಸೋಲಾರ್ ತರಬೇತಿಯ ಸ್ಪರ್ಧೆಯಲ್ಲಿ ಮೊದಲ ಸ್ಥಾನ ಬಂದವರಿಗೆ ಡಿಪ್ಲೊಮಾ ಓದು ಪುಕ್ಕಟೆ. ಅದು ಸಿಗದಿದ್ದರೆ ಸೋಮವಾರದಿಂದ ಇಟ್ಟಿಗೆ ಭಟ್ಟಿಯ ಕೂಲಿಗೆ ನಡೆ ಎಂದು ಅಪ್ಪ ಹುಲಿಗೆಮ್ಮನಿಗೆ ಹೇಳಿಬಿಟ್ಟಿದ್ದ. ಅವಳು ತಿಂಗಳುಗಟ್ಟಲೆ ಕುಳಿತು, ಕತ್ತಲಾದರೆ ತಾನೇ ಹತ್ತಿಕೊಳ್ಳುವ ದೀಪ ಮಾಡಿದ್ದಳು.

ಎರಡು ಗಂಟೆಯ ರಣಬಿಸಿಲು ಬೀಳುತ್ತಿದ್ದ ಶಾಲೆಯ ಪಡಸಾಲೆಯಲ್ಲಿ ಹೆಡ್‌ಮಾಸ್ತರರು ಅದರ ಸ್ವಿಚ್ಚು ಒತ್ತಿದರು. ದೀಪ ಹತ್ತಲಿಲ್ಲ.

"ಹಗಲೊತ್ತಿನ್ಯಾಗ ಹತ್ತಂಗಿಲ್ರಿ ಸರ. ಸೋಲಾರ್ ಪ್ಲೇಟಿನ ಮ್ಯಾಲೊಂದು ಬಟ್ಟಿ ಮುಚ್ಚಿದ್ರ ಸಾಕ್ರಿ."

"ಮೊದ್ಲ ನಿನ್ನ ಬಾಯಿ ಮುಚ್ಚು! ಬಹುಮಾನ ಕೊಡೂ ಸಾಹೇಬ್ರು ಗೇಟಿಗೆ ಬಂದಾರ. ಕತ್ತಲಾಗೂ ಮಟ ಕುಂದ್ರಿಸ್ಲೇನು ಅವರನ್ನ?"

ಹೆಡ್‌ಮಾಸ್ತರರು ಪ್ಲೇಟನ್ನು ಬೋರಲು ಹಾಕಿ, ದೀಪದ ಸಮೇತ ಗೋಣಿಚೀಲಕ್ಕೆ ತುರುಕಿ ಮೂಲೆಗೆ ತಳ್ಳಿದರು. ಪಂಚಾಯತಿ ಚೇರ್ಮನ್ನರ ಮಗ ಮಾಡಿದ ದೀಪದ ವೈರನ್ನು ಮೇಜಿನ ಕೆಳಗಿನಿಂದ ಎಳೆದು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರು. ಅದು ಝಗ್ಗನೆ ಹತ್ತಿತು.

ಸಾಹೇಬರು ಹಿರಿಹಿರಿ ಹಿಗ್ಗಿದರು. "ಶಭಾಶ್ ತಮ್ಮಾ! ಸೂರ್ಯ ಇರೂತನಾ ನಿನ್ನ ದೀಪ ಆರಂಗಿಲ್ಲ!" ಎನ್ನುತ್ತ ಮೊದಲ ಬಹುಮಾನದ ಪತ್ರವನ್ನು ಆ ಹುಡುಗನ ಕೈಗಿಟ್ಟರು. ಹುಲಿಗೆಮ್ಮನಿಗೆ ಸೋಮವಾರ ಕಣ್ಣಮುಂದೆ ಬಂತು.

ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ದಿನದಂತೆ ಮೂರಕ್ಕೆ ಸರಿಯಾಗಿ ಕರೆಂಟು ಹೋಯಿತು. ಮೇಜಿನ ಮೇಲಿನ ದೀಪ ಆರಿತು.

ಮೂಲೆಯಲ್ಲಿ ಗೋಣಿಚೀಲದ ತೂತುತೂತಿನಿಂದಲೂ ಬೆಳಕು ಸೋರುತ್ತಿತ್ತು.