ಲೋಟದ ಮೇಲೆ ನಿಂತ ಕೈ

ಭಾಗ್ಯ ಬಾಟಲಿಯ ನೀರನ್ನು ಲೋಟಕ್ಕೆ ತುಂಬಿಸಿ ವಾಚಿನ ಅಂಗಡಿಯ ತೇಜಸ್‌ನ ಮುಂದಿಟ್ಟಳು. “ನಿಮ್ಮ ಕೈಲಿರೋದೂ ಇದೇ ಕಂಪ್ನಿ ವಾಚಲ್ವಾ? ಬಿಚ್ಚಿ ಇದ್ರೊಳಕ್ಕೆ ಬುಡಿ.”

ಅವಳ ಗಂಡ ಸುನೀಲ್‌ಕುಮಾರನ ಸ್ಮಾರ್ಟ್‌ವಾಚು ಇಬ್ಬರ ನಡುವೆ ಸುಮ್ಮನೆ ಬಿದ್ದಿತ್ತು. ಗಾಜಿನೊಳಗೆ ಹಬೆ ಕಟ್ಟಿತ್ತು. ಹೃದಯದ ಆಪರೇಷನ್ ಆದಮೇಲೆ ಅವನು ಅದನ್ನು ಕಟ್ಟಿಕೊಂಡೇ ಮಿರ್ಲೆ ಊರಿನ ಗದ್ದೆಗೆ ಹೋಗುತ್ತಿದ್ದ. ಎದೆಬಡಿತ ಏರುಪೇರಾದರೆ ಮನೆಯಲ್ಲಿ ಅವಳ ಫೋನು ಕೂಗುತ್ತಿತ್ತು. ಗದ್ದೆಗೆ ನೀರು ತಿರುಗಿಸುವಾಗ ವಾಚು ಕೆಟ್ಟಿತು. ಇವತ್ತು ಅವನು ವಾಚಿಲ್ಲದೆ ಬರಿಗೈಯಲ್ಲೇ ಗದ್ದೆಗೆ ಹೋಗಿದ್ದಾನೆ.

“ನೀರು ಒಳಕ್ಕೋಗೈತೆ ಕಣಕ್ಕ. ಅದಕ್ಕೆ ವಾರಂಟಿ ಇಲ್ಲ ಅಂತಾರೆ ಕಂಪ್ನಿಯೋರು,” ಎಂದು ತೇಜಸ್ ಆಗಲೇ ಹೇಳಿಯಾಗಿತ್ತು. ವಾಚಿನ ಡಬ್ಬದ ಮೇಲಿದ್ದ ಈಜುಗಾರನ ಚಿತ್ರವನ್ನು ಅವಳೂ ತೋರಿಸಿಯಾಗಿತ್ತು.

ತೇಜಸ್ ನಗುತ್ತಲೇ ತನ್ನ ವಾಚು ಬಿಚ್ಚಿ ಲೋಟದ ಮೇಲೆ ಹಿಡಿದ. ಕೈ ಅಲ್ಲೇ ನಿಂತಿತು. ನಗು ಮೆಲ್ಲಗೆ ಇಳಿಯಿತು.

“ಬುಡಿ,” ಎಂದಳು ಭಾಗ್ಯ, ದನಿ ಏರಿಸದೆ.

“ಬುಡ್ಬೋದು ಅಕ್ಕ. ಆದ್ರೆ...”

“ಆದ್ರೆ ಅಂದ್ರಲ್ಲ, ಅದನ್ನೇ ಕಂಪ್ನಿಯೋರಿಗೆ ಹೇಳಿ. ಅವ್ರು ಒಪ್ಪೋಗಂಟ ನಾನಿಲ್ಲೇ ಕೂತಿರ್ತೀನಿ.” ಅವಳು ಸ್ಟೂಲು ಎಳೆದುಕೊಂಡು ಕೂತಳು.

ತೇಜಸ್ ವಾಚನ್ನು ಕೈಗೆ ಕಟ್ಟಿಕೊಂಡು ಕಂಪನಿಗೆ ಫೋನು ಹಚ್ಚಿದ.

“ಸರ್, ಕೆ.ಆರ್. ನಗರದಿಂದ. ಇದು ಗಿರಾಕಿ ತಪ್ಪಲ್ಲ, ವಾಚಿನ ತಪ್ಪು. ಬೇರೆ ಪೀಸ್ ಕಳಿಸಿ. ಇಲ್ಲ ಸರ್, ಗಿರಾಕಿ ಹೇಳ್ತಿರೋದಲ್ಲ, ನಾನೇ ಹೇಳ್ತಿದ್ದೀನಿ.”